ಗೆದ್ದ ಊರು

“ಈ ಊರು ಕೈಬಿಟ್ಟು ಹೋಗುತ್ತೆ, ನೋಡ್ತಾ ಇರಿ,” ಎಂದಳು ಬ್ರಿಟಾ.

ಆರ್ಲೆನ್ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಾಗಿದ. ಮೊನ್ನೆ ಮೊನ್ನೆ ಆಟದಲ್ಲಿ ಅವನು ಗೆದ್ದುಕೊಂಡಿದ್ದ ಒರ್ಬಾನ್ ನಗರದ ಮೇಲೆ ಕೆಂಪು ಬಾಣವೊಂದು ಕೆಳಮುಖವಾಗಿ ಮಿನುಗುತ್ತಿತ್ತು. ಊರಿನ ನಿಷ್ಠೆ ಇಳಿಯುತ್ತಿದೆ ಎಂದರ್ಥ. ಸೊನ್ನೆ ಮುಟ್ಟಿತೋ, ಮುಗಿಯಿತು. ಊರು ದಂಗೆ ಎದ್ದು ಹಳೆಯ ರಾಜನ ಪಾಲಾಗುತ್ತದೆ.

“ಅಷ್ಟೊಂದು ಸೈನ್ಯ ಇಟ್ಟಿದ್ದೀನಿ! ಇನ್ನೂ ಏನು ರೋಗ ಇದಕ್ಕೆ?”

“ಬರೀ ಸೈನ್ಯ ಇಟ್ರೆ ಸಾಕಾ? ಹಳೇ ದೇಶಕ್ಕೆ ಹೋಗೋ ದಾರಿ ತೆರೆದೇ ಇದೆಯಲ್ಲ. ಮೊದ್ಲು ಅದನ್ನ ಮುಚ್ಚಿ. ಆಮೇಲೆ ಅವ್ರು ನಿಮ್ಮ ಧಾನ್ಯಾನೇ ತಿನ್ನೋ ಹಾಗೆ ಮಾಡಿ. ಅವ್ರ ಹಬ್ಬಾನ ನಿಲ್ಲಿಸ್ಬೇಡಿ ಮತ್ತೆ. ಅದೇ ದಿನ ನಿಮ್ಮ ಹಬ್ಬ ಇಟ್ಬಿಡಿ. ತಾವಾಗೇ ಮರೀತಾರೆ.”

ಹದಿನಾರರ ಹುಡುಗಿ. ದನಿಯಲ್ಲಿ ಒಂದು ಚೂರೂ ಏರಿಳಿತವಿಲ್ಲ. ನೆಲಮಾಳಿಗೆಯ ಕಿಟಕಿಗೆ ಅರ್ಧದವರೆಗೆ ಹಿಮ ಬಿದ್ದು ಒಳಗೆಲ್ಲ ಮಬ್ಬು.

“ಇಷ್ಟೆಲ್ಲ ಮಾಡಿದ ಮೇಲೂ ದಂಗೆ ಎದ್ರೆ?”

“ಸುಟ್ಹಾಕ್ತೀನಿ. ಒಂದ್ಸಲ ತಿರುಗಿಬಿದ್ದ ಊರನ್ನ ನಾನು ಇಟ್ಕೊಳ್ಳಲ್ಲ.”

ಆರ್ಲೆನ್ ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಗಾರ. ಸರೋವರ ಹೆಪ್ಪುಗಟ್ಟಿ ಹಡಗನ್ನು ಡುಲೂತ್ ಬಂದರಿನಲ್ಲಿ ಕಟ್ಟಿಹಾಕಿದ ಮರುವಾರವೇ ಬ್ರಿಟಾಳ ತಾಯಿ ನೊರೀನ್‌ಳನ್ನು ಮದುವೆಯಾಗಿ ಈ ಮನೆಗೆ ಬಂದಿದ್ದ. ಐವತ್ತು ದಾಟಿದ ಮೇಲೆ ಸಿಕ್ಕ ಸಂಸಾರ, ಪಾಪ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನೊರೀನ್ ಮೊದಲ ದಿನವೇ ಹೇಳಿಬಿಟ್ಟಿದ್ದಳು: “ಬ್ರಿಟಾ ನಿನ್ನ ಒಪ್ಕೊಂಡ್ರೆ ಈ ಮನೆ ನಿಂದು. ಒಪ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ ನೋಡು.”

ಆ ಹುಡುಗಿಯೋ ಮುಖ ಕೊಟ್ಟು ಮಾತಾಡುವವಳಲ್ಲ. ಅವಳು ಬಾಯಿ ಬಿಡುತ್ತಿದ್ದದ್ದು ಈ ಆಟದ ಮುಂದೆ ಮಾತ್ರ. ಹಾಗಾಗಿ ಕಂಪ್ಯೂಟರಿನ ಗಂಧಗಾಳಿ ಗೊತ್ತಿಲ್ಲದ ಆರ್ಲೆನ್ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಅವಳದೊಂದು ಸರದಿ, ಇವನದೊಂದು ಸರದಿ.

ಆಡುತ್ತ ಆಡುತ್ತ ಅವನಿಗೆ ಹೊಳೆಯಿತು. ಅಯ್ಯೋ, ಈ ಹುಡುಗಿಯೂ ಒಂದು ಗೆದ್ದ ಊರೇ ಅಲ್ಲವೇ! ಹೊಸದಾಗಿ ಬಂದ ರಾಜ ತಾನು. ಜೋರು ಮಾಡಿದರೆ ಕೆಟ್ಟಿತು. ಕೊಟ್ಟು ಕೊಟ್ಟು ಒಲಿಸಿಕೊಳ್ಳಬೇಕು.

ಕೊಟ್ಟ. ಮೀನಿನ ವಾಸನೆ ಅವಳಿಗೆ ಆಗದು ಎಂದು ಗೊತ್ತಾದಾಗ ಮೀನು ಹಿಡಿಯುವ ತನ್ನ ದೋಣಿ ಮಾರಿದ. ಜಿಂಕೆ ಮಾಂಸ ಬಿಟ್ಟು, ತಾಯಿ ಮಗಳು ತಟ್ಟೆಗೆ ಹಾಕಿದ ಬೇಯಿಸಿದ ಹುರುಳಿಕಾಯಿಯನ್ನೇ ತಿಂದ. ಶುಕ್ರವಾರ ಸಂಜೆ ಗೆಳೆಯರ ಜೊತೆ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಇರುತ್ತಿತ್ತು. ಬ್ರಿಟಾ ಅದೇ ಸಂಜೆ ಆಟಕ್ಕೆ ಕರೆಯತೊಡಗಿದಳು, ಬೌಲಿಂಗ್ ಹೋಯಿತು. ಅಣ್ಣ ವರ್ನ್ ಜೊತೆ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಗಾಳ ಹಾಕುವ ಭಾನುವಾರಗಳೂ ಹೋದವು. “ಫೋನ್ ಬಂದಾಗೆಲ್ಲ ಆಟ ಕೆಡುತ್ತೆ,” ಎಂದು ಅವಳು ಮುಖ ಸಣ್ಣದು ಮಾಡಿದ್ದಕ್ಕೆ ಫೋನನ್ನು ನೊರೀನ್ ಕೈಗೆ ಕೊಟ್ಟಿಟ್ಟ.

ನೊರೀನ್ ಅಂತೂ ಬಂಗಾರ. ಮದುವೆಯಾದಂದಿನಿಂದ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಅವನು ಯಾವ ಕೋಣೆಗೆ ಹೋದರೂ ಹಿಂದೆಯೇ ಬರುತ್ತಿದ್ದಳು, ಕಸ ಹಾಕಲು ಹೊರಟರೂ ಕೋಟು ಹಾಕಿಕೊಂಡು ಜೊತೆಗೆ ನಿಲ್ಲುತ್ತಿದ್ದಳು. ಇಂಥ ಪ್ರೀತಿಯನ್ನು ಆರ್ಲೆನ್ ಜನ್ಮದಲ್ಲಿ ಕಂಡವನಲ್ಲ.

ಹಿಮ ಕರಗತೊಡಗಿತು. ಒರ್ಬಾನಿನ ಬಾಣ ಹಸಿರಾಗಿ ಮೇಲಕ್ಕೆ ತಿರುಗಿತು. ಬ್ರಿಟಾ ಮಾತ್ರ ಅವನನ್ನು ಇನ್ನೂ ಹೆಸರು ಹಿಡಿದೇ ಕರೆಯುತ್ತಿದ್ದಳು. ಹಡಗು ಹೊರಡುವುದರೊಳಗೆ ಅವಳ ಮನಸ್ಸು ಕರಗದಿದ್ದರೆ ಗತಿಯೇನು ಎಂದು ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ವರ್ನ್.

“ಲೋ, ಬದುಕಿದ್ದೀಯೇನೋ? ಎಷ್ಟು ಸಲ ಫೋನ್ ಮಾಡೋದು ನಿಂಗೆ!” ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ ವರ್ನ್ ದನಿ ಇಳಿಸಿದ. “ಏನೋ ಇದು, ಹಿಂಗೆ ಇಳಿದುಹೋಗಿದ್ದೀಯ? ನಾಡಿದ್ದು ಹಡಗು ಹೊರಡುತ್ತೆ. ಚೀಲ ತಗೊಂಡು ಬಾ. ಗಾಡಿ ಚಾಲೂ ಇದೆ.”

ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಆರ್ಲೆನ್ ಒಂದು ಕಾಲು ಹೊಸ್ತಿಲ ಆಚೆ ಇಟ್ಟೂ ಇಟ್ಟ.

“ಅಪ್ಪಾ,” ಎಂದಳು ಹಿಂದಿನಿಂದ ಬ್ರಿಟಾ. “ನಿಮ್ಮ ಸರದಿ ಬಂತು.”

ಅಪ್ಪಾ! ಅವನ ಕಣ್ಣು ತುಂಬಿಬಂತು. ಕಾಲು ಒಳಗೆಳೆದುಕೊಂಡ.

“ನಾನು ಬರಲ್ಲ, ವರ್ನ್. ಈ ವರ್ಷ ಅಲ್ಲ, ಯಾವತ್ತೂ ಬರಲ್ಲ. ನೀನು ಇನ್ನು ಈ ಕಡೆ ಬರ್ಬೇಡ.”

“ನಾನು ನಿನ್ನ ಅಣ್ಣ ಕಣೋ...”

ಆರ್ಲೆನ್ ಬಾಗಿಲು ಹಾಕಿ ಚಿಲಕ ಜಡಿದ. ಗಾಡಿ ಬಹಳ ಹೊತ್ತು ಅಲ್ಲೇ ಗುರುಗುಟ್ಟುತ್ತಿದ್ದು, ಕೊನೆಗೆ ಹೋಯಿತು. ಅವನು ಕಣ್ಣೊರೆಸಿಕೊಂಡು ನೆಲಮಾಳಿಗೆಗೆ ಇಳಿದ. ಒರ್ಬಾನಿನ ನಿಷ್ಠೆ ಪೂರ್ತಿ ತುಂಬಿ ನಿಂತಿತ್ತು. ಎದೆಯೊಳಗೆ ಡೋಲು ಬಾರಿಸಿದ ಹಾಗಾಯಿತು. ಗೆದ್ದೆ!

“ಇನ್ನು ಸೈನ್ಯ ತೆಗೀಬಹುದು,” ಎಂದಳು ಬ್ರಿಟಾ. “ಹಳೇ ಕಡೆಯವ್ರು ಬಂದು ಕರೆದ್ರೂ ತಾನಾಗೇ ಬಾಗಿಲು ಹಾಕ್ಕೊಳ್ತು.”

ಆರ್ಲೆನ್ ನಗುತ್ತ ಮೌಸಿಗೆ ಕೈ ಚಾಚಿದ. ಆದರೆ ಹುಡುಗಿ ಪರದೆಯನ್ನು ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಬೆನ್ನ ಹಿಂದೆ ನಿಂತಿದ್ದ ತಾಯಿಯನ್ನು.

“ಹಾಗಾದ್ರೆ ಸೋಮವಾರದಿಂದ ನಾನು ಕೆಲಸಕ್ಕೆ ಹೋಗ್ತೀನಿ,” ಎಂದಳು ನೊರೀನ್.