ಹಲಗೆಯ ಅಡಿಯಲ್ಲಿ

ಹಲಗೆ ಕಿರುಗುಟ್ಟಿದ್ದೇ ತಡ, ಜೇನು ಸಾಕುವವಳು ಎರಡೂ ಅಂಗೈಗಳನ್ನು ಅದರ ಅಡಿಗೆ ಕೊಟ್ಟು ನಿಂತುಬಿಟ್ಟಳು. ಮೇಲೆ ಐದು ಲೀಟರಿನ ಆರು ಗಾಜಿನ ಜಾಡಿಗಳು; ಈ ವರ್ಷದ ಜೇನೆಲ್ಲ ಅವುಗಳಲ್ಲೇ ಇತ್ತು. ಗೋಡೆಯಿಂದ ಮೊಳೆ ನಿಧಾನವಾಗಿ ಈಚೆ ಬರುತ್ತಿತ್ತು. “ರೀ, ಬೇಗ ಬನ್ರೀ!”

ಹಲಗೆ ಹೊಡೆದವನು ಬಡಗಿ ಗಂಡನೇ. ಮೊನ್ನೆ ಇವೇ ಜಾಡಿಗಳಿಗೆ ಕಂಠಮಟ್ಟ ನೀರು ತುಂಬಿ ಸಾಲಾಗಿಟ್ಟು, “ನೋಡ್ಕೊ, ಅಲ್ಲಾಡಲ್ಲ” ಎಂದು ಮೀಸೆ ತಿರುವಿದ್ದ. ಒಂದು ಜಾಡಿ ನೀರು ಐದು ಕೆಜಿ, ಅದೇ ಜಾಡಿ ತುಂಬ ಜೇನು ಏಳು ಕೆಜಿ. ದಿನವೂ ಜೇನು ಎತ್ತುವ ಅವಳಿಗೂ ಆಗ ಅದು ಹೊಳೆದಿರಲಿಲ್ಲ.

ಓಡಿ ಬಂದವನು ಕಕ್ಕಾಬಿಕ್ಕಿಯಾದ. “ಮೊನ್ನೆ ಗಟ್ಟಿಯಾಗಿ ನಿಂತಿತ್ತಲ್ಲೇ!”

“ಮೊನ್ನೆ ಇದ್ದಿದ್ದು ನೀರು ಕಣ್ರೀ! ಜೇನು ಭಾರ. ಮೊದ್ಲು ಜಾಡಿ ಇಳಿಸಿ.”

ಅವನು ಜಾಡಿಗೆ ಕೈ ಹಾಕುವಷ್ಟರಲ್ಲಿ ಹಲಗೆಯ ಇನ್ನೊಂದು ತುದಿಯ ಮೊಳೆಯೂ ಕಿತ್ತುಬಂತು. ಜಾಡಿ ಬಿಟ್ಟು ಅವನೂ ಹಲಗೆಗೆ ಹೆಗಲು ಕೊಟ್ಟ. ಇಬ್ಬರಲ್ಲಿ ಯಾರೂ ಕದಲುವಂತಿರಲಿಲ್ಲ.

“ಕೂಗಿದ್ರೆ ಪಕ್ಕದ ಮನೆಯವ್ರು ಬರ್ತಾರೆ,” ಎಂದಳು. “ಬಾಗಿಲು ತೆಗೆದಿದೆ ತಾನೆ?”

ಅವನು ಕಣ್ಣು ಮುಚ್ಚಿಕೊಂಡ.

“ತೆಗೆದಿಟ್ರೆ ಜೇನುನೊಣ ನುಗ್ಗುತ್ತೆ ಅಂತ ನೀನೇ ದಿನಾ ಬಯ್ತೀಯಲ್ಲ. ಚಿಲಕ ಹಾಕ್ಕೊಂಡೇ ಬಂದೆ.”