ಬಳೆ ತೊಟ್ಟ ಕೈ

ಗಂಡ ತೀರಿಕೊಂಡ ಮೇಲೆ ಚಂದ್ರಿಕಾ ಹೊಸ್ತಿಲು ದಾಟಿದ್ದು ಆ ಭಾನುವಾರವೇ ಮೊದಲು. "ಎಷ್ಟು ದಿನ ಅಂತ ಮೂಲೇಲಿ ಕೂತು ಅಳ್ತೀಯಮ್ಮ? ಎಲ್ಲರೂ ಹಳೇ ದೇವಸ್ಥಾನ ನೋಡ್ಕೊಂಡು ಬರೋಣ, ಏಳು" ಎಂದು ಅತ್ತೆಯೇ ಎಬ್ಬಿಸಿ, ಅವಳ ಬೋಳುಗೈಗೆ ತಾವೇ ಗಾಜಿನ ಬಳೆ ತೊಡಿಸಿದ್ದರು. "ನೋಡಿದೋರು ಏನಾದ್ರೂ ಅನ್ಕೊಳ್ಳಲಿ. ನೀನು ನನ್ನ ಮಗಳು."

ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕೆಂದು ಚಂದ್ರಿಕಾ ದಾರಿಯುದ್ದಕ್ಕೂ ಅಂದುಕೊಂಡಳು.

ದೇವಸ್ಥಾನದ ಹಿಂದೆ ಒಂದು ಕಲ್ಲು ನಿಂತಿತ್ತು. ಅದರ ಮೇಲೆ ಕೆತ್ತಿದ್ದು ಬಳೆ ತೊಟ್ಟು ಮೇಲೆತ್ತಿದ ಒಂದು ಕೈ.

"ಇದ್ಯಾರ ಕೈ ದೊಡ್ಡಮ್ಮ?" ಮೈದುನನ ಮಗಳು ಕೇಳಿದಳು. ಚಂದ್ರಿಕಾಗೆ ಗೊತ್ತಿತ್ತು; ಬಳೆ ತೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅರ್ಚಕರೇ ಹೇಳಿದರು: "ಮಾಸ್ತಿ ಕಲ್ಲು, ಮಗು. ಗಂಡ ಯುದ್ಧದಲ್ಲಿ ಸತ್ತಾಗ ಈ ತಾಯಿ ಅವನ ಜೊತೆಗೇ ಚಿತೆ ಏರಿದ್ಲು."

ಅತ್ತೆ ಮಂಡಿಯೂರಿ, ಕಲ್ಲಿಗೆ ಕುಂಕುಮ ಹಚ್ಚಿ, ಕಣ್ಣುಮುಚ್ಚಿ ಬಹಳ ಹೊತ್ತು ಕೈಮುಗಿದರು. ಮಂಡಿನೋವಿಗೆ ಏಳಲಾಗದೆ ಒದ್ದಾಡಿದಾಗ ಚಂದ್ರಿಕಾ ಕೈಕೊಟ್ಟು ಎಬ್ಬಿಸಿದಳು.

"ಏನು ಬೇಡ್ಕೊಂಡೆ ಅಜ್ಜಿ?"

ಸೊಸೆಯ ಕೈ ಹಿಡಿದುಕೊಂಡೇ ಅತ್ತೆ ಕಣ್ಣೊರೆಸಿಕೊಂಡರು.

"ಮುಂದಿನ ಜನ್ಮದಲ್ಲಾದ್ರೂ ನಿನ್ನ ದೊಡ್ಡಪ್ಪಂಗೆ ಈ ತಾಯಿಯಂಥ ಹೆಂಡ್ತಿ ಸಿಗಲಿ ಅಂತ, ಕಂದ."