ಹುರಿದ ಮಣ್ಣು

“ಕಪ್ಪೆಯನ್ನ ಬೇರೆ ಪಾತ್ರೆಗೆ ಬಿಟ್ಟು, ಮಣ್ಣನ್ನ ಓವನ್ನಲ್ಲಿಟ್ಟು ಹುರಿದೆ,” ಎಂದು ಯರ್ಮಿಲಾ ಕೊನೆಗೂ ಹೇಳಿಬಿಟ್ಟಳು. “ಅದರ ತುಂಬ ಬಿಳಿ ಹುಳ ಕುಪ್ಪಳಿಸ್ತಿದ್ವು, ಮಾರಾಯ. ಟೊಮೇಟೊ ಸಸಿಗೆ ವರ್ಷಾ ವರ್ಷಾ ಮಣ್ಣು ಹುರಿಯಲ್ವಾ, ಹಾಗೇ.”

ಸೊಂಟದ ಆಪರೇಷನ್ ಮಾಡಿಸಿಕೊಂಡು ಮೂರು ವಾರದ ಮೇಲೆ ಮನೆಗೆ ಬಂದಿದ್ದ ಗಂಡ ಓಲ್ಡ್ರಿಖ್, ಕೋಲೂರಿ ತನ್ನ ಕಪ್ಪೆ ಸಾಕಿದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದ. ಒಳಗೆ ಪಾಚಿಯ ಮೇಲೆಲ್ಲ ಬೂಷ್ಟು ಹತ್ತಿಯಂತೆ ಹಬ್ಬಿತ್ತು. ಅವನ ಪುಟ್ಟ ನೀಲಿ ಕಪ್ಪೆ ಕೆಳಗಿಳಿಯಲಾರದೆ ಎಲೆಯ ತುದಿಯಲ್ಲಿ ಮುದುಡಿತ್ತು. ಬೂಷ್ಟನ್ನೂ ಕಪ್ಪೆಯ ಹೊಲಸನ್ನೂ ತಿಂದು ಹನ್ನೊಂದು ವರ್ಷ ಆ ನೆಲವನ್ನು ಚೊಕ್ಕಟವಾಗಿಟ್ಟಿದ್ದವು ಆ ಬಿಳಿ ಹುಳಗಳೇ. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮೇಲಿನ ಮಹಡಿಯ ರಾದ್ಕಾಳಿಗೆ ಫೋನು ಮಾಡಿ, “ನಾನು ಕೊಟ್ಟ ಹುಳ ಇನ್ನೂ ಇದಾವೇನಮ್ಮಾ?” ಎಂದು ಕೇಳಿದ.

“ಇಲ್ದೇ ಏನು ಅಜ್ಜಾ, ಸಂಸಾರ ಬೆಳೆದು ಡಬ್ಬಿ ಸಾಲ್ತಿಲ್ಲ. ಈಗ್ಲೇ ತರ್ತೀನಿ ಇರಿ!”

ರಾದ್ಕಾ ತಂದ, ಇದ್ದಿಲು ತುಂಬಿ ಹುಳ ಸಾಕಿದ್ದ ಡಬ್ಬಿಗೆ ನೀರು ಹೊಯ್ದಾಗ, ಚೆಲ್ಲಿದ ಹಿಟ್ಟಿನ ಹಾಗೆ ಹುಳಗಳು ಮೇಲೆ ತೇಲಿದವು. ಓಲ್ಡ್ರಿಖ್ ಡಬ್ಬಿ ಹಿಡಿದು ಪೆಟ್ಟಿಗೆಯತ್ತ ಬಗ್ಗಲು ನೋಡಿದ, ಸೊಂಟ ಬಿಡಲಿಲ್ಲ. ಯರ್ಮಿಲಾ ಅವನ ಕೈಯಿಂದ ಡಬ್ಬಿ ತೆಗೆದುಕೊಂಡು, ಮೈ ಜುಮ್ಮೆಂದರೂ ಮುಖ ತಿರುಗಿಸದೆ, ಪಾಚಿಯ ಮೇಲೆ ಮೆಲ್ಲಗೆ ಸುರಿದಳು. ಒಂದು ಹುಳ ಅವಳ ಬೆರಳಿಗೇ ಅಂಟಿಕೊಂಡಿತ್ತು. ಅವಳು ಕೊಡವಲಿಲ್ಲ. ಬೆರಳನ್ನು ಪಾಚಿಗೆ ತಾಗಿಸಿ, “ಇಳಿಯಮ್ಮಾ, ಇಳಿ,” ಎನ್ನುತ್ತ ಕಾದು ನಿಂತಳು.